ಸ್ಮಾರ್ಟ್ ಕೀ ಕಳೆದುಹೋದರೆ ಏನು ಮಾಡಬೇಕು?

ಗುಂಡಿ ಒತ್ತಿ ಚಾಲೂ ಮಾಡುವ ಕಾರಿನ ಕೀ ಕಳೆದರೆ, ಪೇಟೆಯಲ್ಲಿ ಇನ್ನೊಂದನ್ನು ಮಾಡಿಸಿಕೊಂಡು ಬಂದ ಮಾತ್ರಕ್ಕೆ ಕೆಲಸವಾಗದು. ಗುಂಡಿ ಒತ್ತಿದೊಡನೆ ಕಾರು ಸುಮಾರು 125 ಕಿಲೋಹರ್ಟ್ಸ್‌ನ ಸಂಕೇತ ಹೊರಡಿಸಿ ಹತ್ತಿರದಲ್ಲೇ ಇರಬೇಕಾದ ಕೀಯನ್ನು ಹುಡುಕುತ್ತದೆ. ಕೀ ಕಳುಹಿಸುವ ಗೂಢ ಉತ್ತರವು ಕಾರಿನಲ್ಲಿ ದಾಖಲಾದ ಗುರುತಿಗೆ ಹೊಂದಿದರಷ್ಟೇ ಇಮೊಬಿಲೈಸರ್ ಎಂಬ ಕಳವು ತಡೆಯುವ ಸಾಧನವು ಎಂಜಿನ್ ಚಾಲೂ ಆಗಲು ಬಿಡುತ್ತದೆ. ಆದ್ದರಿಂದ ಹೊಸ ಕೀಯನ್ನು ಕಾರಿಗೆ ಪರಿಚಯಿಸಲೇಬೇಕು.

ಕೀ ಕೈಯಲ್ಲಿದ್ದೂ ಕಾರು ಸ್ಪಂದಿಸದಿದ್ದರೆ ಬ್ಯಾಟರಿ ಮುಗಿದಿರಬಹುದು. ಅನೇಕ ಕೀಗಳಲ್ಲಿರುವುದು ಸಿಆರ್2032 ಎಂಬ ಬಿಲ್ಲೆ ಬ್ಯಾಟರಿ. ಅದನ್ನು ಬದಲಿಸುವವರೆಗೆ ಒಳಗೆ ಅಡಗಿರುವ ಲೋಹದ ಕೀಯಿಂದ ಬಾಗಿಲು ತೆರೆದು, ಕೀಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದರೆ ಹಲವು ಕಾರುಗಳು ಚಾಲೂ ಆಗುತ್ತವೆ.

ನಿಜವಾಗಿಯೂ ಕಳೆದಿದ್ದರೆ ಮೊದಲು, ಕಳೆದ ವಸ್ತುಗಳ ದೂರಿಗೆಂದೇ ಇರುವ ಪೊಲೀಸರ ಇ-ಲಾಸ್ಟ್ ಆನ್‌ಲೈನ್ ಸೇವೆಯಲ್ಲಿ ದೂರು ದಾಖಲಿಸಿ. ಇದು ಬರೀ ಶಾಸ್ತ್ರಕ್ಕಲ್ಲ: ಮುಂದೆ ಕಾರು ಕಳವಾದರೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಎರಡೂ ಕೀಗಳನ್ನು ಕೇಳುತ್ತವೆ, ಆಗ ಆ ದೂರಿನ ರಸೀದಿಯೇ ನಿಮ್ಮ ಉತ್ತರ. ಪಾಲಿಸಿಯಲ್ಲಿ ಕೀ ಬದಲಾವಣೆಯ ಹೆಚ್ಚುವರಿ ರಕ್ಷಣೆ ಇದೆಯೇ ಎಂಬುದನ್ನು ಹೊಸ ಕೀಗೆ ಹಣ ಕಟ್ಟುವ ಮೊದಲೇ ವಿಚಾರಿಸಿ.

ಬಳಿಕ ಆರ್‌ಸಿ, ಗುರುತಿನ ಚೀಟಿ ಮತ್ತು ಕಾರು ಕೊಂಡಾಗ ಕೀ ಜತೆ ಕೊಟ್ಟಿದ್ದ ಸಂಖ್ಯೆಯ ಬಿಲ್ಲೆಯೊಂದಿಗೆ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋಗಿ. ಲೋಹದ ಕೀಯನ್ನು ಕತ್ತರಿಸುವುದು ಆ ಸಂಖ್ಯೆಯ ಆಧಾರದ ಮೇಲೆಯೇ. ಎರಡೂ ಕೀ ಕಳೆದಿದ್ದರೆ ಕಾರನ್ನು ಹಗ್ಗ ಕಟ್ಟಿ ಎಳೆಸಬೇಡಿ. ಸ್ಟೀರಿಂಗ್ ಲಾಕ್ ಆಗಿರುವುದರಿಂದ ಅದನ್ನು ಲಾರಿಯ ಮೇಲೇರಿಸಿಯೇ ಸಾಗಿಸಬೇಕು.

ತಂತ್ರಜ್ಞರು ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟ್‌ಗೆ (ಕಾರಿನ ಕಂಪ್ಯೂಟರ್ ಜತೆ ಸಂಪರ್ಕ ಕಲ್ಪಿಸುವ ಕಿಂಡಿಗೆ) ಸ್ಕ್ಯಾನರ್ ಜೋಡಿಸಿ, ಭದ್ರತಾ ಸಂಕೇತ ನಮೂದಿಸಿ, ಕೀಗಳನ್ನು ಒಂದೊಂದಾಗಿ ದಾಖಲಿಸುತ್ತಾರೆ. ಕಾರಿನ ಬ್ಯಾಟರಿ ಸೊರಗಿದ್ದರೆ ಈ ಕೆಲಸ ನಡುವೆಯೇ ಕೆಡಬಹುದು. ಹಲವು ಮಾದರಿಗಳಲ್ಲಿ ಹಳೆಯ ದಾಖಲೆಯನ್ನೆಲ್ಲ ಅಳಿಸಿ ಹೊಸದಾಗಿ ಬರೆಯುವುದರಿಂದ ಮನೆಯಲ್ಲಿ ಉಳಿದ ಕೀಯನ್ನೂ ಮರೆಯದೆ ಒಯ್ಯಿರಿ. ಅಗ್ಗವೆಂದು ಉಳಿದ ಕೀಯ ನಕಲನ್ನಷ್ಟೇ ಮಾಡಿಸಿದರೆ, ಕಳೆದ ಕೀ ಸಿಕ್ಕವರ ಕೈಯಲ್ಲಿ ಕಾರು ಮೊದಲಿನಂತೆಯೇ ಚಾಲೂ ಆಗುತ್ತದೆ. ಈ ಲೇಖಕನ ಮಟ್ಟಿಗೆ ಅದು ಉಳಿತಾಯವೇ ಅಲ್ಲ.

ಅಳಿಸಿದ ಮೇಲೂ ಕಳೆದ ಕೀಯೊಳಗಿನ ಲೋಹದ ತುಂಡು ಬಾಗಿಲನ್ನಂತೂ ತೆರೆಯುತ್ತದೆ. ಅದು ಮನೆಯ ಸುತ್ತಮುತ್ತಲೇ ಕಳೆದಿದ್ದರೆ ಬಾಗಿಲಿನ ಲಾಕನ್ನೂ ಬದಲಿಸುವುದು ಲೇಸು. ಬಿಲ್ ಪಾವತಿಸುವ ಮುನ್ನ, ಎಷ್ಟು ಕೀಗಳು ದಾಖಲಾಗಿವೆ ಎಂಬುದನ್ನು ಸ್ಕ್ಯಾನರ್ ಪರದೆಯಲ್ಲಿ ತೋರಿಸಲು ಕೇಳಿ. ನಿಮ್ಮ ಕೈಯಲ್ಲಿ ಎರಡಿದ್ದು ಪರದೆಯಲ್ಲಿ ಮೂರು ಕಂಡರೆ, ಕಳೆದ ಕೀ ಇನ್ನೂ ಅಳಿದಿಲ್ಲ.