ಜಿಪ್ ಹೋಯ್ತು ಅಂತ ಜರ್ಕಿನ್ ಎಸೀಬೇಕಾ?

ತೀರ್ಥಹಳ್ಳಿಯಲ್ಲಿ ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ರವಿಕೆ, ಫಾಲ್, ಚೂಡಿದಾರ, ಇವು ವರ್ಷವಿಡೀ ಇರುವ ಕೆಲಸ. ಮೇ ಕೊನೆಯಲ್ಲಿ ಗುಡುಗು ಶುರುವಾದರೆ ಬಾಗಿಲಿಗೆ ಬರುವ ಸಾಮಾನೇ ಬೇರೆ. ಬೀರುವಿನಿಂದ, ಅಟ್ಟದಿಂದ ಕೆಳಗಿಳಿದ ಜರ್ಕಿನ್, ರೇನ್‌ಕೋಟ್, ಮಕ್ಕಳ ಸ್ಕೂಲ್ ಬ್ಯಾಗ್. ಎಲ್ಲರ ಪ್ರಶ್ನೆಯೂ ಒಂದೇ. "ಅಕ್ಕಾ, ಜಿಪ್ ಹೋಗಿದೆ. ಸರಿ ಆಗುತ್ತಾ, ಇಲ್ಲಾ ಹೊಸದೇ ತಗೊಳ್ಲಾ?"

ನಾನು ಕೂಡಲೇ ಉತ್ತರ ಹೇಳುವುದಿಲ್ಲ. "ಹೇಗೆ ಹೋಯ್ತು?" ಅಂತ ಕೇಳುತ್ತೇನೆ. ಕಾರಣ ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ. ಕಾರಣ ಹಾಗೇ ಉಳಿದರೆ ಹೊಸ ಜಿಪ್ಪೂ ಅದೇ ದಾರಿ ಹಿಡಿಯುತ್ತದೆ.

ಹೋಗಿದೆ ಅಂತ ತರುವ ಜಿಪ್‌ಗಳಲ್ಲಿ ಹೆಚ್ಚಿನವಕ್ಕೆ ಹಲ್ಲು ಚೆನ್ನಾಗಿಯೇ ಇರುತ್ತವೆ. ಸವೆದಿರುವುದು ರನ್ನರ್. ನಾವು ಹಿಡಿದು ಎಳೆಯುತ್ತೇವಲ್ಲ, ಅದು. ರನ್ನರ್‌ಗೆ ಒಂದು ಕಡೆ ಎರಡು ಬಾಯಿ, ಇನ್ನೊಂದು ಕಡೆ ಒಂದೇ ಬಾಯಿ. ಎರಡು ಸಾಲಿನ ಹಲ್ಲುಗಳು ಒಳಗೆ ಹೋಗಿ, ಓರೆಯಾಗಿ ಒತ್ತಿಸಿಕೊಂಡು, ಒಂದಕ್ಕೊಂದು ಕಚ್ಚಿ ಹೊರಗೆ ಬರುತ್ತವೆ. ಆ ಒತ್ತುವ ಜಾಗ ಕೂದಲೆಳೆಯಷ್ಟು ಅಗಲವಾದರೂ ಸಾಕು, ರನ್ನರ್ ಸಲೀಸಾಗಿ ಓಡುತ್ತದೆ, ಆದರೆ ಹಿಂದೆ ಜಿಪ್ ಬಿಚ್ಚಿಕೊಳ್ಳುತ್ತಾ ಬರುತ್ತದೆ. ನಮ್ಮ ಕಡೆ ಇದು ಜಾಸ್ತಿ. ತೋಟದ ಕೆಂಪು ಮಣ್ಣು, ರಸ್ತೆಯ ಧೂಳು ರನ್ನರ್ ಒಳಗೆ ಸೇರಿ ಲೋಹವನ್ನು ಉಜ್ಜುತ್ತಲೇ ಇರುತ್ತದೆ.

ಇದಕ್ಕೆ ಮೊದಲ ಉಪಾಯ ಇಕ್ಕಳ. ರನ್ನರನ್ನು ಪೂರ್ತಿ ಕೆಳಗೆ ತಂದು, ಒಂಟಿ ಬಾಯಿ ಇರುವ ಕಡೆ, ಎಡಕ್ಕೊಂದು ಬಲಕ್ಕೊಂದು ಹಗುರವಾಗಿ ಒತ್ತುತ್ತೇನೆ. ಒಮ್ಮೆ ಒತ್ತಿ ಎಳೆದು ನೋಡಬೇಕು, ಸಾಲದಿದ್ದರೆ ಇನ್ನೊಂಚೂರು. ಜೋರು ಮಾಡಬಾರದು. ಹೆಚ್ಚಿನ ರನ್ನರ್‌ಗಳು ಎರಕ ಹೊಯ್ದ ಸತುವಿನವು. ಜೋರು ಮಾಡಿದರೆ ಬಗ್ಗುವ ಬದಲು ಸೀಳಿಬಿಡುತ್ತವೆ. ಹೀಗೆ ಸರಿಯಾದದ್ದು ಒಂದು ಮಳೆಗಾಲ ಬಂದರೆ ಪುಣ್ಯ ಅಂತ ಹೇಳಿಯೇ ಕೊಡುತ್ತೇನೆ. ಒಳಗೆ ಸವೆದ ಲೋಹ ವಾಪಸ್ ಬರುವುದಿಲ್ಲ, ಅಲ್ವಾ?

ಬಾಳಿಕೆ ಬೇಕೆಂದರೆ ರನ್ನರನ್ನೇ ಬದಲಿಸಬೇಕು. ಅದಕ್ಕಾಗುವ ದುಡ್ಡು ಒಂದೆರಡು ಟೀ ಕುಡಿದಷ್ಟು. ಆದರೆ ಸರಿಯಾದ ರನ್ನರ್ ಹುಡುಕುವುದೇ ಕೆಲಸ. ಹಳೆಯದನ್ನು ತಿರುಗಿಸಿ ನೋಡಿದರೆ ಸಾಮಾನ್ಯವಾಗಿ ಬೆನ್ನ ಮೇಲೆ 3, 5, 8, 10 ಅಂತ ಒಂದು ಸಂಖ್ಯೆ ಇರುತ್ತದೆ. ಮುಚ್ಚಿದಾಗ ಹಲ್ಲಿನ ಸಾಲು ಹೆಚ್ಚುಕಡಿಮೆ ಅಷ್ಟು ಮಿಲಿಮೀಟರ್ ಅಗಲ ಅಂತ ಲೆಕ್ಕ. ತೆಳು ಬಟ್ಟೆಗೆ 3, ಜರ್ಕಿನ್‌ಗೆ ಹೆಚ್ಚಾಗಿ 5, ದೊಡ್ಡ ಬ್ಯಾಗಿಗೆ 8 ಅಥವಾ 10. ಸಂಖ್ಯೆ ಒಂದೇ ಆದರೆ ಸಾಲದು. ಸುರುಳಿಯಂಥ ನೈಲಾನ್ ಜಿಪ್, ಬಿಡಿಬಿಡಿ ಪ್ಲಾಸ್ಟಿಕ್ ಹಲ್ಲಿನ ಜಿಪ್, ಹಿತ್ತಾಳೆ ಜಿಪ್, ಮೂರಕ್ಕೂ ರನ್ನರ್ ಒಳಗಿನ ಆಕಾರ ಬೇರೆ ಬೇರೆ. ನೈಲಾನಿನ 5 ಪ್ಲಾಸ್ಟಿಕ್ಕಿನ 5ಕ್ಕೆ ಕೂರುವುದಿಲ್ಲ. ಅದಕ್ಕೇ ಶಿವಮೊಗ್ಗದ ಗಾಂಧಿ ಬಜಾರಿಗೆ ಸಾಮಾನು ತರಲು ಹೋದಾಗ ಹಳೇ ರನ್ನರನ್ನು ಚೀಲದಲ್ಲಿ ಹಾಕಿಕೊಂಡೇ ಹೋಗುತ್ತೇನೆ. ಬಾಯಲ್ಲಿ ವಿವರಿಸಿ ತಂದದ್ದು ಸರಿಹೋಗದಿದ್ದರೆ ಮತ್ತೆ ಅರವತ್ತು ಕಿಲೋಮೀಟರ್ ಬಸ್ಸು.

ಹಾಕುವುದು ಕಷ್ಟವಲ್ಲ. ಜರ್ಕಿನ್ ಪೂರ್ತಿ ಬಿಚ್ಚಿದಾಗ ರನ್ನರ್ ಹಲ್ಲು ಕೂರಿಸಿದ ಯಾವ ಬಟ್ಟೆ ಪಟ್ಟಿಯಲ್ಲಿ ಉಳಿಯುತ್ತದೋ ಆ ಪಟ್ಟಿಯ ತುದಿಯಲ್ಲಿ ಮೇಲೆ ಒಂದು ಸಣ್ಣ ತಡೆ ಇರುತ್ತದೆ. ಅದನ್ನು ಇಕ್ಕಳದಲ್ಲಿ ಕಿತ್ತು, ಹಳೇ ರನ್ನರನ್ನು ಮೇಲಿಂದ ಹೊರಗೆಳೆದು, ಹೊಸದನ್ನು ಒಂಟಿ ಬಾಯಿ ಕೆಳಗೆ ಬರುವಂತೆ ಏರಿಸುತ್ತೇನೆ. ಕಿತ್ತ ತಡೆಯ ಜಾಗದಲ್ಲಿ ದಪ್ಪ ನೂಲಿನಿಂದ ನಾಲ್ಕೈದು ಸುತ್ತು ಹೊಲಿದರೆ ಮುಗಿಯಿತು. ಕಾಲರ್ ಒಳಗೆ ಜಿಪ್ಪಿನ ತುದಿ ಮಡಚಿ ಹೋಗಿದ್ದರೆ ಅಷ್ಟು ಹೊಲಿಗೆ ಬಿಚ್ಚಬೇಕಾಗುತ್ತದೆ, ಅಷ್ಟೇ.

ಜರ್ಕಿನ್‌ನಲ್ಲಿ ನಾನು ಹೆದರುವುದು ಕೆಳತುದಿಗೆ. ಅಲ್ಲಿ ಒಂದು ಪಟ್ಟಿಗೆ ಕಡ್ಡಿ, ಇನ್ನೊಂದಕ್ಕೆ ಅದು ಕೂರುವ ಡಬ್ಬಿ. ಕಡ್ಡಿಯ ಹತ್ತಿರ ಪಟ್ಟಿ ಗಟ್ಟಿಯಾಗಿರಲಿ ಅಂತ ಒಂದು ಪ್ಲಾಸ್ಟಿಕ್ ಪೊರೆ ಅಂಟಿಸಿರುತ್ತಾರೆ. ಬೈಕ್ ಹತ್ತುವ ಅವಸರದಲ್ಲಿ ಕಡ್ಡಿಯನ್ನು ಅರ್ಧ ಕೂರಿಸಿ ರನ್ನರ್ ಎಳೆಯುತ್ತಾರೆ ನೋಡಿ, ಆಗ ಆ ಪೊರೆ ಸೀಳುತ್ತದೆ, ಪಟ್ಟಿ ನೂಲು ಬಿಡುತ್ತದೆ, ಕಡ್ಡಿ ಅಲ್ಲಾಡುತ್ತದೆ. ಗಮ್ ಹಾಕಿ ಗಟ್ಟಿ ಮಾಡಿದರೆ ಕೆಲವು ದಿನ ನಡೆಯುತ್ತದೆ. ಆಮೇಲೆ ಜಿಪ್ ಪೂರ್ತಿ ಬದಲಿಸಬೇಕು, ಇಲ್ಲವಾದರೆ ಇನ್ನೊಂದು ದಾರಿ ಇದೆ. ತೋಟದ ಕೆಲಸಕ್ಕೆ ಹೋಗುವ ಒಬ್ಬ ಅಜ್ಜ ಹೇಳಿದ್ದು. "ಎಂತ ಹೊಸ ಜಿಪ್ಪು ಮಾರಾಯ್ತಿ, ಕೆಳಗೆ ನಾಲ್ಕಿಂಚು ಹೊಲಿದು ಬಿಡು, ನಾನು ತಲೆ ಮೇಲಿಂದ ಹಾಕ್ಕೋತೀನಿ." ಹಾಗೇ ಮಾಡಿಕೊಟ್ಟೆ. ಜಿಪ್ಪಿನ ಮೇಲಿನ ಭಾಗ ತೆರೆದು ಮುಚ್ಚಲು ಬರುತ್ತದೆ, ಕೆಳಗೆ ಮುಚ್ಚಿರುತ್ತದೆ. ಈಗ ಆ ಉಪಾಯವನ್ನು ಬೇರೆಯವರಿಗೂ ಹೇಳುತ್ತೇನೆ. ಪೇಟೆಗೆ ಹಾಕಿಕೊಂಡು ಹೋಗುವವರು ಒಪ್ಪುವುದಿಲ್ಲ, ಅದು ಬೇರೆ ವಿಷಯ.

ಇನ್ನು ಜಿಪ್ ಪೂರ್ತಿ ಬದಲಿಸುವ ಮಾತು. ಇಲ್ಲಿ ನಾನು ಜಿಪ್ ಬಿಟ್ಟು ಬಟ್ಟೆ ನೋಡುತ್ತೇನೆ. ರೇನ್‌ಕೋಟ್ ಆದರೆ ಒಳಮಗ್ಗುಲು ತಿರುಗಿಸಿ ಉಗುರಿನಿಂದ ಕೆರೆಯುತ್ತೇನೆ. ಒಳಗಿನ ಲೇಪ ಹೊಟ್ಟಿನ ಹಾಗೆ ಉದುರಿದರೆ ಅದು ಇನ್ನು ಮಳೆ ತಡೆಯುವುದಿಲ್ಲ. ಅದಕ್ಕೆ ಹೊಸ ಜಿಪ್ ಹಾಕುವುದು ದುಡ್ಡಿಗೆ ದಂಡ. ಆಗುಂಬೆ ಕಡೆಯವರು ತಂದರಂತೂ ಕಟ್ಟುನಿಟ್ಟಾಗಿ ಹೇಳುತ್ತೇನೆ, ಹೊಸದು ತಗೊಳ್ಳಿ ಅಂತ. ಅಲ್ಲಿಯ ಮಳೆಗೆ ಅರೆಬರೆ ಕೋಟು ಆಗುವುದಿಲ್ಲ. ಪ್ಯಾಂಟ್ ಆದರೆ ಕೂರುವ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ಬೆಳಕು ಜರಡಿಯಂತೆ ಕಂಡರೆ ಜಿಪ್ಪಿಗಿಂತ ಮೊದಲು ಬಟ್ಟೆ ಹರಿಯುತ್ತದೆ. ಸ್ಕೂಲ್ ಬ್ಯಾಗಿಗೆ ಹೆಗಲ ಪಟ್ಟಿಯ ಬುಡ. ಮಕ್ಕಳ ಜರ್ಕಿನ್‌ಗೆ ತೋಳಿನ ಉದ್ದ. ಮುಂದಿನ ವರ್ಷ ಮೊಣಕೈಗೆ ಬರುವ ಜರ್ಕಿನ್‌ಗೆ, ತಮ್ಮನೋ ತಂಗಿಯೋ ಇದ್ದರೆ ಮಾತ್ರ ಹೊಸ ಜಿಪ್.

ಬಟ್ಟೆ ಗಟ್ಟಿ ಇದ್ದರೆ ಮನಸ್ಸಿಟ್ಟು ಮಾಡುತ್ತೇನೆ. ಹಳೇ ಜಿಪ್ ಬಿಚ್ಚುವ ಮೊದಲು ಅದನ್ನು ಮುಚ್ಚಿ, ಎರಡೂ ಕಡೆ ಜೇಬಿನ ಬಾಯಿ, ಸೊಂಟ, ಕಾಲರ್ ಹತ್ತಿರ ಚಾಕ್‌ನಲ್ಲಿ ಗೆರೆ. ಈ ಗೆರೆ ಇಲ್ಲದಿದ್ದರೆ ಒಂದು ಮಗ್ಗುಲು ಮೇಲೆ ಇನ್ನೊಂದು ಕೆಳಗೆ ಆಗಿ, ಹಾಕಿದವರು ವಾರೆಯಾಗಿ ನಿಂತಂತೆ ಕಾಣುತ್ತಾರೆ. ಅಳತೆಯನ್ನು ಜಿಪ್ಪಿನ ಬಟ್ಟೆ ಪಟ್ಟಿಯ ಪೂರ್ತಿ ಉದ್ದಕ್ಕೆ ತೆಗೆಯುವುದಿಲ್ಲ. ಡಬ್ಬಿಯ ಕೆಳತುದಿಯಿಂದ ಮೇಲಿನ ತಡೆಯವರೆಗೆ, ಅಷ್ಟೇ. ಕಡ್ಡಿ-ಡಬ್ಬಿಯ ಜಿಪ್ ಇಂತಿಷ್ಟು ಇಂಚು ಅಂತ ಬರುತ್ತದೆ. ಸರಿಯಾದ ಅಳತೆ ಸಿಗದಿದ್ದರೆ ಉದ್ದದ್ದನ್ನು ತಂದು ಮೇಲ್ತುದಿಯಲ್ಲಿ ಮೊಟಕು ಮಾಡಬೇಕು. ಕೆಳತುದಿ ಮುಟ್ಟಬಾರದು. ರೇನ್‌ಕೋಟ್‌ಗೆ ಗುಂಡುಪಿನ್ನು ಚುಚ್ಚುವುದಿಲ್ಲ. ಚುಚ್ಚಿದ ತೂತು ಮುಚ್ಚುವುದಿಲ್ಲ, ನೀರು ಅಲ್ಲಿಂದಲೇ ಒಸರುತ್ತದೆ. ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಹಿಡಿಸಿ, ಹಳೇ ಹೊಲಿಗೆಯ ತೂತುಗಳ ಸಾಲಿನ ಮೇಲೇ ನಿಧಾನಕ್ಕೆ ಮೆಷಿನ್ ತುಳಿಯುತ್ತೇನೆ.

ಪ್ಯಾಂಟಿನ ಜಿಪ್ಪಿನಲ್ಲಿ ಒಂದು ಹಲ್ಲು ಉದುರಿದ್ದರೆ ಎಲ್ಲಿ ಅಂತ ನೋಡಿ. ಬುಡದಲ್ಲಿ ಆಗಿದ್ದರೆ ಅದರ ಮೇಲೆ ಗಟ್ಟಿಯಾಗಿ ಸುತ್ತು ಹೊಲಿಗೆ ಹಾಕಿ ಜಿಪ್ಪನ್ನು ಅಷ್ಟು ಗಿಡ್ಡ ಮಾಡಿದರೆ ಸಾಕು. ನಡುವೆ ಉದುರಿದ್ದರೆ ಬದಲಿಸದೆ ಬೇರೆ ದಾರಿ ಇಲ್ಲ. ಹಿಡಿಕೆ ಮಾತ್ರ ಮುರಿದದ್ದಕ್ಕೆ ಕೀ ಹಾಕುವ ಒಂದು ರಿಂಗ್ ಸಿಕ್ಕಿಸಿ ಕಳಿಸುತ್ತೇನೆ, ದುಡ್ಡು ತಗೊಳ್ಳುವುದಿಲ್ಲ.

ಚೂಡಿದಾರದ ಪಕ್ಕದಲ್ಲಿ ಕಾಣದಂತೆ ಹೊಲಿಯುವ ಜಿಪ್ ಇದೆಯಲ್ಲ, ಅದು ಹೋಗುವುದು ಹೆಚ್ಚಾಗಿ ಬಟ್ಟೆ ಬಿಗಿಯಾಗಿದ್ದಕ್ಕೆ. ಅದನ್ನು ತಂದವರಿಗೆ ಹೇಳಲು ಸ್ವಲ್ಪ ಮುಜುಗರ. ಆದರೂ ಒಳಗೆ ಬಿಟ್ಟಿರುವ ಬಟ್ಟೆ ಎಷ್ಟಿದೆ ನೋಡಿ, "ಮೊದಲು ಅರ್ಧ ಇಂಚು ಬಿಡಿಸೋಣ, ಆಮೇಲೆ ಜಿಪ್" ಅನ್ನುತ್ತೇನೆ. ಬಿಡಿಸಲು ಬಟ್ಟೆ ಇಲ್ಲದಿದ್ದರೆ ಕೆಲಸ ಹಿಡಿಯುವುದಿಲ್ಲ. ಅವರಿಗೂ ನಷ್ಟ, ನನಗೂ ಹೆಸರು ಕೆಡುತ್ತದೆ.

ಆಷಾಢದಲ್ಲಿ ಇನ್ನೊಂದು ಕಾರಣ ಸೇರುತ್ತದೆ. ಬಿಸಿಲೇ ಇಲ್ಲದಾಗ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮುಂದಿನ ಹಗ್ಗದಲ್ಲಿ. ಬೆಂಕಿಗೆ ತೀರಾ ಹತ್ತಿರ ಕಟ್ಟಿದರೆ ನೈಲಾನ್ ಜಿಪ್ಪಿನ ಸುರುಳಿ ಕಾವಿಗೆ ಸೊಟ್ಟಗಾಗುತ್ತದೆ. ಅದನ್ನು ಯಾವ ರನ್ನರ್ ಹಾಕಿದರೂ ಸರಿಮಾಡಲು ಬರುವುದಿಲ್ಲ. ಹಾಗಾಗಿ ಒಲೆ ಮುಂದೆ ಒಣಗಿಸುವವರಿಗೆ ನೈಲಾನ್ ಬೇಡ, ದಪ್ಪ ಪ್ಲಾಸ್ಟಿಕ್ ಹಲ್ಲಿನದೂ ಬೇಡ, ಹಗ್ಗವನ್ನೇ ಒಂದು ಮಾರು ಹಿಂದೆ ಕಟ್ಟಿ ಅನ್ನುತ್ತೇನೆ. ಹಿತ್ತಾಳೆ ಜಿಪ್ಪಿಗೆ ಬೆಂಕಿಯ ಭಯವಿಲ್ಲ, ಆದರೆ ಥಂಡಿಗೆ ಹಸಿರು ಕಟ್ಟುತ್ತದೆ. ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಪೆನ್ಸಿಲ್ ಸೀಸವನ್ನೋ ಮೇಣದ ಬತ್ತಿಯನ್ನೋ ತಿಕ್ಕಿದರೆ ಓಡುತ್ತದೆ. ಕೊಬ್ಬರಿ ಎಣ್ಣೆ ಬೇಡ. ಬಟ್ಟೆಗೆ ಕಲೆ, ಮೇಲೆ ಧೂಳು ಬೇರೆ ಹಿಡಿಯುತ್ತದೆ.

ಎಸೆಯಿರಿ ಅಂತ ನಾನೇ ಹೇಳಿದ ಜರ್ಕಿನ್‌ಗಳನ್ನು ಕೆಲವರು ಇಲ್ಲೇ ಬಿಟ್ಟು ಹೋಗುತ್ತಾರೆ. ಅವುಗಳ ಜಿಪ್ ಬಿಚ್ಚಿ, ಕಡ್ಡಿ ಗಟ್ಟಿ ಇದ್ದರೆ ಪೂರ್ತಿ ಇಡುತ್ತೇನೆ, ಇಲ್ಲದಿದ್ದರೆ ರನ್ನರ್ ಮಾತ್ರ. ಸಂಖ್ಯೆ ಪ್ರಕಾರ ಬಿಸ್ಕತ್ತಿನ ಡಬ್ಬಿಗಳಲ್ಲಿ ಇರುತ್ತವೆ. 5ರ ಡಬ್ಬಿ ಬೇಗ ಖಾಲಿಯಾಗುತ್ತದೆ, 3ರದ್ದನ್ನು ಕೇಳುವವರಿಲ್ಲ.