ನೆಡಲು ಬೆಳ್ಳುಳ್ಳಿ ಬೇಕೇ? ಗಡ್ಡೆ ತಿರುಗಿಸಿ ಬುಡ ನೋಡಿ

ಮೊದಲ ಸಲ ಬೆಳ್ಳುಳ್ಳಿ ನೆಟ್ಟಾಗ ಅಡುಗೆಮನೆ ಬುಟ್ಟಿಯಲ್ಲಿದ್ದ ಒಂದು ಗಡ್ಡೆಯನ್ನೇ ಬಿಡಿಸಿ ಕುಂಡಕ್ಕೆ ಹಾಕಿದ್ದೆ. ಬೆಳ್ಳಗೆ, ದುಂಡಗೆ, ನೋಡೋಕೆ ಚೆಂದವಾಗಿತ್ತು. 20 ದಿನ ಕಾದರೂ ಒಂದೂ ಮೊಳೆಯಲಿಲ್ಲ. ಕೆದಕಿ ನೋಡಿದರೆ ಎಸಳುಗಳು ಹಾಕಿದ ಹಾಗೇ ಕೂತಿದ್ದವು!

ತಿನ್ನಲು ಮಾರುವ ಗಡ್ಡೆ ಗೋದಾಮಿನಲ್ಲೇ ಮೊಳೆಯದಿರಲಿ ಅಂತ ಕೆಲವೊಮ್ಮೆ ಮೊಳಕೆ ತಡೆಯುವ ಔಷಧಿ ಬಳಸುತ್ತಾರೆ, ಇಲ್ಲವೇ ವಿಕಿರಣ ಹಾಯಿಸುತ್ತಾರೆ. ಹೊರಗಿನಿಂದ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಹಾಗಾಗಿ ಬಿತ್ತನೆಗೆಂದೇ ಬೆಳೆದ ಗಡ್ಡೆ ಸಿಕ್ಕರೆ ಅದೇ ಒಳ್ಳೆಯದು. ನಿಮ್ಮಂಥದೇ ಹವೆಯಲ್ಲಿ ಬೆಳೆದವರ ಹತ್ತಿರ ಸಿಕ್ಕರಂತೂ ಇನ್ನೂ ವಾಸಿ. ಆದರೆ ಒಂದು ಮಾತು ಕೇಳಿಯೇ ತನ್ನಿ: ಅವರ ಪಾತಿಯಲ್ಲಿ ಗಿಡ ಕೊಳೆತಿತ್ತಾ? ಬೆಳ್ಳುಳ್ಳಿಯಲ್ಲಿ ಎಸಳೇ ಬೀಜ, ಅಲ್ವಾ? ತಾಯಿಗಡ್ಡೆಯ ರೋಗವೂ ಅದರ ಜೊತೆಗೇ ಬರುತ್ತದೆ. ಬಿಳಿ ಕೊಳೆ ರೋಗ ಒಮ್ಮೆ ಮಣ್ಣಿಗೆ ಸೇರಿದರೆ 20 ವರ್ಷವಾದರೂ ಹೋಗದೆ ಉಳಿಯಬಲ್ಲದು.

ಗಡ್ಡೆ ಕೈಗೆ ಬಂತಾ? ತಲೆಕೆಳಗು ಮಾಡಿ. ಬುಡದಲ್ಲಿ ಬಿಲ್ಲೆಯಂಥ ಗಟ್ಟಿ ಭಾಗವಿದೆ. ಹೊಸ ಬೇರು ಹೊರಡುವುದು ಇಲ್ಲಿಂದಲೇ. ಒಣಗಿದ ಬೇರಿನ ಕುಚ್ಚು ಗಿಡ್ಡಗೆ ಉಳಿದಿದ್ದರೆ ಚಿಂತೆಯಿಲ್ಲ. ಬಿಲ್ಲೆಯನ್ನೇ ಕೆತ್ತಿ ನುಣ್ಣಗೆ ಮಾಡಿದ್ದರೆ ಬೇಡ. ಬಿಳಿ ಹತ್ತಿಯಂಥ ಬೂಷ್ಟು, ಅದರ ನಡುವೆ ಗಸಗಸೆ ಗಾತ್ರದ ಕಪ್ಪು ಚುಕ್ಕಿ ಕಂಡರೆ ಅದೇ ಬಿಳಿ ಕೊಳೆ. ಅಂಥದ್ದನ್ನು ತೋಟದೊಳಕ್ಕೆ ತರಲೇಬೇಡಿ, ಗೊಬ್ಬರದ ಗುಂಡಿಗೂ ಹಾಕಬೇಡಿ.

ಆಮೇಲೆ ಹೆಬ್ಬೆರಳಿನಿಂದ ಸುತ್ತಲೂ ಒತ್ತಿ ನೋಡಿ. ಕಲ್ಲಿನ ಹಾಗೆ ಗಟ್ಟಿ ಇರಬೇಕು. ಗಾತ್ರಕ್ಕೆ ತಕ್ಕ ತೂಕವಿಲ್ಲದಿದ್ದರೆ ಒಳಗೆ ಎಸಳು ಒಣಗಿದೆ ಅಂತಲೇ ಅರ್ಥ.

ಗಡ್ಡೆ ದಪ್ಪ ಇದ್ದರೆ ಸಾಲದು, ಎಸಳೂ ದಪ್ಪ ಇರಬೇಕು. 20 ಸಣ್ಣ ಎಸಳಿರುವ ಗಡ್ಡೆಗಿಂತ 8–10 ದಪ್ಪ ಎಸಳಿನದು ನನಗೆ ಇಷ್ಟ. ದೊಡ್ಡ ಎಸಳಿನಲ್ಲಿ ಕೂಡಿಟ್ಟ ಆಹಾರ ಜಾಸ್ತಿ, ಸಸಿ ಚುರುಕಾಗಿ ಏಳುತ್ತದೆ. ತಳಿಯನ್ನೂ ಗಮನಿಸಿ. ನಡುವೆ ಗಟ್ಟಿ ಕಡ್ಡಿ, ಅದರ ಸುತ್ತ ಒಂದೇ ಸುತ್ತು ಎಸಳು ಇದ್ದರೆ ಅದು ಚೆನ್ನಾಗಿ ಚಳಿ ಕೇಳುವ ಜಾತಿ. ಕಡ್ಡಿ ಇಲ್ಲದ, ಪದರ ಪದರವಾಗಿ ಎಸಳಿರುವ ಜಾತಿ ಬೆಚ್ಚಗಿನ ಹವೆಗೆ ಹೆಚ್ಚು ಹೊಂದುತ್ತದೆ.

ಮೊಳೆಯುತ್ತಾ ಇಲ್ವಾ ಅನ್ನುವ ಅನುಮಾನವಿದ್ದರೆ ಒಂದು ಎಸಳನ್ನು ಉದ್ದಕ್ಕೆ ಸೀಳಿ. ನಡುವಿನ ಮೊಳಕೆ ಹಸಿರು ತಿರುಗಿ ಅರ್ಧಕ್ಕಿಂತ ಮೇಲೆ ಬಂದಿದೆಯಾ? ಗಡ್ಡೆ ಎದ್ದಿದೆ, ನೆಡಬಹುದು. ಬುಡದಲ್ಲಿ ಸಣ್ಣ ಬಿಳಿ ಚುಕ್ಕೆಯಷ್ಟೇ ಇದ್ದರೆ ಇನ್ನೂ ನಿದ್ದೆಯಲ್ಲಿದೆ. ಆಗಷ್ಟೇ ಕಿತ್ತ ಬೆಳ್ಳುಳ್ಳಿ ಹೀಗೇ ಇರುತ್ತದೆ. ಕೆಲವು ವಾರ 5ರಿಂದ 10 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ನೀಲಿ ಬೂಷ್ಟು ಹಿಡಿಯುತ್ತದೆ.

ಎಸಳು ಬಿಡಿಸುವುದು ನೆಡುವ ದಿನವೇ. ಮೊದಲೇ ಬಿಡಿಸಿಟ್ಟರೆ ಸುಮ್ನೆ ಒಣಗುತ್ತವೆ. ಸಿಪ್ಪೆ ಸುಲಿಯಬೇಡಿ. ಹೊರಸುತ್ತಿನ ದಪ್ಪ ಎಸಳುಗಳನ್ನು ಆರಿಸಿ, ಚೂಪು ತುದಿ ಮೇಲೆ ಮಾಡಿ, 3–5 ಸೆಂ.ಮೀ. ಆಳಕ್ಕೆ, 10–15 ಸೆಂ.ಮೀ. ಅಂತರದಲ್ಲಿ ಊರಿ. ಒಳಗಿನ ಸಣ್ಣವು ಒಗ್ಗರಣೆಗೆ. ಬಿಡಿಸುವಾಗ ಬುಡ ಕಿತ್ತುಬಂದ ಎಸಳು ಎಷ್ಟೇ ದಪ್ಪ ಇದ್ದರೂ ಅದೂ ಒಗ್ಗರಣೆಗೇ.