ಪಂಪ್ ಗುರ್ ಅನ್ನುತ್ತಿತ್ತು, ನೀರು ಮಾತ್ರ ಬರುತ್ತಿರಲಿಲ್ಲ

ಸೆಕೆಂಡ್ ಹ್ಯಾಂಡ್ ಎಸ್ಪ್ರೆಸೊ ಮಷಿನ್ ತಂದ ದಿನ ಕಾಫಿ ಚೆನ್ನಾಗಿಯೇ ಬಂತು. ಮಾರನೇ ದಿನ ಪಂಪ್ ಜೋರಾಗಿ ಗುರ್ ಅಂದರೂ ಬಿದ್ದದ್ದು ನಾಲ್ಕೇ ಹನಿ.

ಪಂಪೇ ಹೋಗಿದೆ ಅಂದುಕೊಂಡು ಹೊಸದು ತರಿಸುವುದರಲ್ಲಿದ್ದೆ. ಅಷ್ಟರಲ್ಲಿ ಸುಮ್ನೆ ಸ್ಟೀಮ್ ಕೊಳವೆ ತೆರೆದು ಪಂಪ್ ಓಡಿಸಿ ನೋಡಿದೆ. ಬಿಸಿನೀರು ಧಾರಾಳವಾಗಿ ಬಂತು! ಅಂದರೆ ಪಂಪ್ ಸರಿಯಿದೆ, ಬಾಯ್ಲರ್‌ವರೆಗೆ ದಾರಿಯೂ ಸರಿಯಿದೆ. ಅಡ್ಡ ಇರುವುದು ಅದರಾಚೆ.

ಮೊದಲು ನೀರು ಬೀಳುವ ಜಾಲರಿ ಬಿಚ್ಚಿದೆ. ಹಳೆ ಕಾಫಿಯ ಜಿಡ್ಡು ಕಪ್ಪಗೆ ಅಂಟಿತ್ತು. ತೊಳೆದರೂ ಅದೇ ನಾಲ್ಕು ಹನಿ. ಇನ್ನು ಉಳಿದದ್ದು ಸೊಲೆನಾಯ್ಡ್ ವಾಲ್ವ್, ಅಂದರೆ ಬಾಯ್ಲರಿನಿಂದ ಜಾಲರಿಗೆ ನೀರು ಬಿಡುವ, ಕರೆಂಟಿನಿಂದ ತೆರೆದು ಮುಚ್ಚುವ ಕವಾಟ. ಪ್ಲಗ್ ಕಿತ್ತು, ಒತ್ತಡ ಇಳಿಸಿ, ಪೂರ್ತಿ ತಣ್ಣಗಾಗಲು ಬಿಟ್ಟೆ. ಇದರಲ್ಲಿ ಆತುರ ಬೇಡವೇ ಬೇಡ, ಕೈ ಸುಟ್ಟುಹೋಗುತ್ತದೆ. ಬಿಚ್ಚಿದರೆ ಒಳಗಿನ ಸಣ್ಣ ತೂತಿನ ಬಾಯಿಗೆ ಒಂದು ಬಿಳಿ ಚೂರು ಕೂತಿತ್ತು. ಗಡಸು ನೀರು ಕಾದಾಗ ಕಟ್ಟುತ್ತದಲ್ಲ, ಅದೇ ಸುಣ್ಣದ ಪದರ.

ಇದು ನನ್ನದೇ ಎಡವಟ್ಟು ಇರಬೇಕು. ತಂದ ದಿನ ರಾತ್ರಿಯೇ ಡೀಸ್ಕೇಲ್ ಮಾಡಿದ್ದೆ, ಅಂದರೆ ಒಳಗಿನ ಸುಣ್ಣ ಬಿಡಿಸಲು ಆಸಿಡ್ ನೀರು ಹಾಯಿಸಿದ್ದೆ. ಬಾಯ್ಲರಿನಲ್ಲಿ ಸಡಿಲವಾದ ಚೂರು ತೇಲಿ ಬಂದು ಇಲ್ಲಿ ಸಿಕ್ಕಿಕೊಂಡಿದೆ. ಆಸಿಡ್ ನೀರನ್ನು ಮೊದಲು ಸ್ಟೀಮ್ ಕೊಳವೆಯಿಂದಲೇ ಹೊರಗೆ ಬಿಟ್ಟಿದ್ದರೆ ಇಷ್ಟು ಕೆಲಸ ಇರುತ್ತಿರಲಿಲ್ಲ, ಅಲ್ವಾ?

ವಾಲ್ವಿನ ಲೋಹದ ಭಾಗಗಳನ್ನು ಸಿಟ್ರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ನೆನೆಸಿದೆ. ಗುಳ್ಳೆ ಎದ್ದು ಸುಣ್ಣ ಕರಗಿತು. ವಾಲ್ವಿನ ರಬ್ಬರ್ ರಿಂಗ್ ಬಿರುಕು ಬಿಟ್ಟಿತ್ತು, ಅದೇ ಅಳತೆಯದು ಹಾಕಿದೆ.

ಈಗ ಒತ್ತಡದ ಗೇಜ್ 9 ಬಾರ್ ತೋರಿಸುತ್ತದೆ. 18 ಗ್ರಾಂ ಪುಡಿಗೆ 28 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ. ಸ್ಟೀಮ್ ತಿರುಪು ಇನ್ನೂ ಸ್ವಲ್ಪ ಸೋರುತ್ತಿದೆ, ಅದು ಮುಂದಿನ ಭಾನುವಾರಕ್ಕೆ.